ಆಯ, ವರ್ತನೆ, ಚಂದಾ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋಗಿಬಂದವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿರಬಹುದು. ಅಲ್ಲಿಯ ಗಂಗೆಯ ಕೊಳದ ದಡದಲ್ಲಿ ಭಕ್ತರು ಕುಳಿತು ತಮ್ಮ ತಮ್ಮ ಕೋರಿಕೆಯನ್ನು ನಿವೇದಿಸಿಕೊಳ್ಳುತ್ತಾರೆ. ನೀರಿನೊಳಗಿಂದ ಮೇಲೆದ್ದು ಬಂದುದನ್ನು ತಾಯಿಯ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಮಡಿಲಿಗೆ ತುಂಬಿಕೊಳ್ಳುತ್ತಾರೆ. ಬಂದರೆ ಭಾಗ್ಯ, ಬಾರದಿದ್ದರೆ ಕಾದಿರಬೇಕು. ಅದೇ ಜಿಲ್ಲೆಯ ಹಿರಿಯೂರಿನ ಬಳಿ, ಮಾರಿಕಣಿವೆಯಲ್ಲಿ, ಇನ್ನೊಂದು ಬಗೆಯ ನೀರುಂಟು. ವೇದಾವತಿಗೆ ಅಡ್ಡಲಾಗಿ ೧೮೯೮ರಲ್ಲಿ ಕಟ್ಟತೊಡಗಿ ೧೯೦೭ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವದು. ಈ ಸಾಗರ ೧೩೦ ಅಡಿಯ ಮಟ್ಟ ಮುಟ್ಟಿ ಮೊದಲ ಸಲ ಕೋಡಿ ಹರಿದದ್ದು ೧೯೩೩ರಲ್ಲಿ. ಎರಡನೆಯ ಸಲ ಹರಿದದ್ದು ೨೦೨೨ರಲ್ಲಿ. ನಡುವೆ ಕಳೆದುಹೋದುವು ೮೯ ವರ್ಷಗಳು! ಹಾಗೆಂದು ಆ ೮೯ ವರ್ಷಗಳೂ ಸಾಗರ ವ್ಯರ್ಥವಾಗಿದ್ದಿತೆ? ಇಲ್ಲ. ಏರುಪೇರುಗಳಿದ್ದರೂ ವರ್ಷವರ್ಷವೂ ಬಂದು ಸೇರಿದ ನೀರಿನಿಂದಲೇ ಕೆಳಗಿನ ತೋಟತುಡಿಕೆಗಳು ಬಾಳಿದುವು. ನಾಲೆಯನ್ನು ನಂಬಿದ ರೈತನು ಕೋಡಿಯ ದಿನವನ್ನು ಎಣಿಸುತ್ತ ಕೂಡುವುದಿಲ್ಲ. ಈ ವರ್ಷ ಎಷ್ಟು ಬಂದಿತು, ಮುಂದಿನ ವರ್ಷ ಎಷ್ಟು ಬಂದೀತು ಎಂಬುದನ್ನು ನೋಡುತ್ತಾನೆ.

ವ್ಯಾಪಾರದಲ್ಲಿಯೂ ಈ ಎರಡು ಬಗೆಯ ವರಮಾನಗಳುಂಟು. ಸಂತೆಯಲ್ಲಿ ಕೂತವನಿಗೆ ಬರುವುದು ಒಂದು ಬಗೆ. ಗಿರಾಕಿ ಬಂದ, ಕೊಂಡ, ಹೋದ. ಮತ್ತೆ ಬರುವನೋ ಇಲ್ಲವೋ ಹೇಳುವವರಾರು? ಇನ್ನೊಂದು ಬಗೆ, ತಿಂಗಳು ತಿಂಗಳು ಅಥವಾ ವರ್ಷ ವರ್ಷ ತಪ್ಪದೆ ಬರುವ ಚಂದಾ. ಈ ದಿನಗಳಲ್ಲಿ ಜಾಲತಾಣದ ಮೂಲಕ ಅಂಗಡಿ ತೆರೆಯುವವರ ಮುಂದೆಲ್ಲ ಈ ಪ್ರಶ್ನೆ ಬಂದು ನಿಲ್ಲುತ್ತದೆ: ಸರಕಿಗೆ ಇಷ್ಟೆಂದು ಕೇಳಬೇಕೆ, ತಿಂಗಳಿಗೆ ಇಷ್ಟೆಂದು ಕೇಳಬೇಕೆ? ನಿಮ್ಮ ಮನೆಯ ಮಗನೋ ಮಗಳೋ ಇಂಥ ಉದ್ಯಮಕ್ಕೆ ಕೈಹಾಕಿದ್ದರೆ, ಮನೆಯ ಉಳಿತಾಯವೇ ಈ ಪ್ರಶ್ನೆಯ ಮೇಲೆ ನಿಂತಿದ್ದೀತು. ಉದ್ಯಮವಿಲ್ಲದ ಮನೆಗಳಲ್ಲಿಯೂ ಹಾಡಿಗೊಂದು, ಸಿನಿಮಾಕ್ಕೊಂದು, ಪತ್ರಿಕೆಗೊಂದು ಎಂದು ಚಂದಾ ತೆರುವವರಿದ್ದಾರೆ. ಇದು ಹೊರದೇಶದಿಂದ ಮೊನ್ನೆ ಬಂದಿಳಿದ ವಿದ್ಯೆಯೆಂದು ಕೆಲವರು ತಿಳಿದಿರುವುದುಂಟು. ಆದರೆ ನಮ್ಮ ನಾಡಿನ ಚರಿತ್ರೆಯನ್ನು ತುಸು ತಿರುವಿ ನೋಡಿದರೆ, ಈ ಪ್ರಶ್ನೆಗೆ ಹಿಂದಿನವರು ಹಲವು ಸಲ ಉತ್ತರ ಕೊಟ್ಟಿರುವುದು ಕಾಣುತ್ತದೆ. ಕೆಲವರ ಉತ್ತರ ಫಲಿಸಿತು, ಕೆಲವರದು ನೆಲಕಚ್ಚಿತು.

ಎಲ್ಲಕ್ಕೂ ಹಳೆಯದು ನಮ್ಮ ಹಳ್ಳಿಗಳ ಆಯದ ಪದ್ಧತಿ. ಕರ್ನಲ್ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಹೊರತಂದ ತನ್ನ ಮೈಸೂರಿನ ಚರಿತ್ರೆಯಲ್ಲಿ, ಒಂದೊಂದು ಹಳ್ಳಿಗೂ ಇದ್ದ ಹನ್ನೆರಡು ಮಂದಿ ಆಯಗಾರರನ್ನು ಹೆಸರಿಸಿದ್ದಾನೆ. ಬಡಗಿ, ಕಮ್ಮಾರ, ಅಗಸ, ಕುಂಬಾರ, ಕ್ಷೌರಿಕ, ನೀರುಗಂಟಿ, ತಳವಾರ ಮೊದಲಾದವರು ಇದರಲ್ಲಿ ಸೇರಿದವರು. ನೇಗಿಲು ಮುರಿದರೆ ರೈತನು ಬಡಗಿಗೆ ಆ ದಿನ ಕಾಸು ಎಣಿಸಿ ಕೊಡುತ್ತಿರಲಿಲ್ಲ. ವರ್ಷವೆಲ್ಲ ಬಡಗಿ ದುಡಿದುಕೊಡುತ್ತಿದ್ದ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಇದರ ಜಾಣತನವನ್ನು ಗಮನಿಸಿ. ಉಳುಮೆಯ ದಿನದಲ್ಲಿ ರೈತನ ಕೈಯಲ್ಲಿ ಹಣವಿರುವುದಿಲ್ಲ, ಸುಗ್ಗಿಯ ದಿನದಲ್ಲಿ ಇರುತ್ತದೆ. ಬಡಗಿಗಾದರೋ ನೇಗಿಲು ಮುರಿಯುವ ದಿನ ಯಾವುದೆಂದು ತಿಳಿಯದು. ಹೊಟ್ಟೆಪಾಡು ಮಾತ್ರ ದಿನವೂ ಇರುತ್ತದೆ. ಬೇಕಾದಾಗ ಕೆಲಸ, ಇದ್ದಾಗ ಕೂಲಿ ಎಂಬ ಈ ಒಪ್ಪಂದ ಇಬ್ಬರ ಕಷ್ಟವನ್ನೂ ಹಗುರ ಮಾಡುತ್ತಿತ್ತು.

ಆದರೆ ಆಯಕ್ಕೆ ಒಂದು ಕರಾಳ ಮುಖವೂ ಇದ್ದಿತು. ಅದು ಹುಟ್ಟಿನಿಂದ ಬಂದ ಕಟ್ಟು. ಕಮ್ಮಾರನ ಮಗ ಕಮ್ಮಾರನೇ ಆಗಬೇಕು. ಅಗಸನಿಗೆ ಈ ಊರು ಬಿಟ್ಟು ಬೇರೆಡೆ ಹೆಚ್ಚು ಸಿಕ್ಕೀತೆಂದರೆ ಹೋಗುವುದು ಸುಲಭವಲ್ಲ. ಮಾಡಿದ ಕೆಲಸ ಹೆಚ್ಚಾದರೂ ಕೊಡುವ ಕಾಳು ಹೆಚ್ಚಾಗಲಿಲ್ಲವೆಂದು ವಾದಿಸುವ ಬಲವಾದರೂ ಅವನಿಗೆಲ್ಲಿ ಬಂತು? ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಶಾಸನದಿಂದ ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ಕೊನೆಗೊಂಡುವು. ಬಿಟ್ಟುಹೋಗಲು ಬಾಗಿಲಿಲ್ಲದ ಒಪ್ಪಂದದಲ್ಲಿ ಬಲವಿಲ್ಲದವನೇ ಸೋಲುತ್ತಾನೆ. ಮೊದಲನೆಯ ಪಾಠವೇ ಇದು. ಮುಂದೆ ಇದರ ಪ್ರಸಕ್ತಿ ಮತ್ತೆ ಬರುವುದರಿಂದ ನೆನಪಿನಲ್ಲಿಟ್ಟಿರಿ.

ಪಟ್ಟಣಗಳು ಬೆಳೆದಂತೆ ಆಯದ ಜಾಗಕ್ಕೆ ವರ್ತನೆ ಬಂದಿತು. ‘ಆ ಮನೆಗೆ ನಮ್ಮ ವರ್ತನೆ ಹಾಲು’ ಎಂಬ ಮಾತನ್ನು ನಮ್ಮ ಹಿರಿಯರಿಂದ ಕೇಳದವರಿಲ್ಲ. ಬೆಳಗ್ಗೆ ಒಂದು ಪಾವು, ಸಂಜೆ ಒಂದು ಪಾವು. ಗೋಡೆಯ ಮೇಲೆ ಸುಣ್ಣದ ಗೀಟು. ತಿಂಗಳ ಕೊನೆಗೆ ಲೆಕ್ಕ. ಇದರಲ್ಲಿ ಜಾತಿಯ ಕಟ್ಟಾಗಲಿ ವಂಶದ ಕಟ್ಟಾಗಲಿ ಇಲ್ಲ. ಹಾಲಿಗೆ ನೀರು ಹೆಚ್ಚಾಯಿತೋ, ನಾಳೆಯಿಂದ ಬೇಡವೆಂದರೆ ಮುಗಿಯಿತು. ಹಾಲಿನವಳಿಗೆ ಇದರಿಂದ ಏನು ಲಾಭ? ಎಮ್ಮೆ ಕರೆದ ಹಾಲು ಸಂಜೆಯೊಳಗೆ ಮಾರಿಹೋಗಲೇಬೇಕು. ನಾಳೆಗೆ ಇಡಲು ಬಾರದು. ಎಷ್ಟು ಮನೆಗೆ ಎಷ್ಟೆಂದು ಮೊದಲೇ ಗೊತ್ತಿದ್ದರೆ ಅವಳು ಕೆಡುವ ಸರಕನ್ನು ಕೆಡದಂತೆ ಸಾಗಿಸಬಲ್ಲಳು. ಮನೆಯೊಡತಿಗೆ ಕಾಫಿಯ ಹೊತ್ತಿಗೆ ಹಾಲು ಬಂದೇ ಬರುವುದೆಂಬ ನೆಮ್ಮದಿ. ದಿನವೂ ಬೇಕಾದ ಸರಕು, ದಿನವೂ ಸಿಗಬೇಕೆಂಬ ನೆಚ್ಚಿಕೆ, ಬೇಡವೆನ್ನುವ ಸ್ವಾತಂತ್ರ್ಯ, ಈ ಮೂರೂ ಕೂಡಿದೆಡೆ ವರ್ತನೆ ತಾನಾಗಿಯೇ ಬೇರುಬಿಟ್ಟಿತು. ಅದೇ ಹಾಲಿನವಳು ವರ್ತನೆಯ ಮನೆಗಳಿಗೆ ತಿಂಗಳಿಗೊಂದು ಸೀರೆ ಹಾಕುತ್ತೇನೆಂದಿದ್ದರೆ ಯಾರಾದರೂ ಒಪ್ಪುತ್ತಿದ್ದರೆ?

ಮುದ್ರಣದ ಕಾಲದಲ್ಲಿ ವರ್ತನೆಗೆ ಚಂದಾ ಎಂಬ ಹೆಸರಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಹೊರಡಿಸಿದನು, ಮರುವರ್ಷವೇ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಹೋಯಿತು. ೧೮೯೨ರಲ್ಲಿ ಮೈಸೂರಿನಲ್ಲಿ ‘ಕರ್ಣಾಟಕ ಕಾವ್ಯಮಂಜರಿ’ ಎಂಬ ಮಾಸಪತ್ರಿಕೆ ಹುಟ್ಟಿತು. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ ಅದರಲ್ಲಿ ಹಳಗನ್ನಡ ಕಾವ್ಯಗಳನ್ನು ಕಂತುಕಂತಾಗಿ ಅಚ್ಚುಮಾಡಿದರು. ಓಲೆಗರಿಯಲ್ಲಿದ್ದ ಮಹಾಕಾವ್ಯವೊಂದನ್ನು ಒಟ್ಟಿಗೆ ಅಚ್ಚುಹಾಕಿಸಿ ಕೊಳ್ಳುವವರಿಗಾಗಿ ಕಾಯುತ್ತ ಕೂರಲು ಎಷ್ಟು ಬಂಡವಾಳ ಬೇಕು! ತಿಂಗಳಿಗಿಷ್ಟು ಪುಟವೆಂದು ಹಂಚಿಕೊಂಡರೆ ಮುದ್ರಕನ ಹೊರೆಯೂ ಓದುಗನ ಹೊರೆಯೂ ಹಗುರವಾಗುತ್ತದೆ. ನಮ್ಮ ಪ್ರಾಚೀನ ಸಾಹಿತ್ಯದ ಒಂದು ಭಾಗ ಬೆಳಕು ಕಂಡದ್ದು ಹೀಗೆ.

ಚಂದಾ ನಡೆಯಬೇಕಾದರೆ ಹಣ ಬಂದು ಸೇರುವ ದಾರಿಯೂ ಬೇಕು. ನಮ್ಮ ದೇಶದ ಅಂಚೆ ಇಲಾಖೆ ೧೮೭೭ರಲ್ಲಿ ವಿ.ಪಿ.ಪಿ.ಯನ್ನೂ, ೧೮೮೦ರಲ್ಲಿ ಮನಿಯಾರ್ಡರನ್ನೂ ಆರಂಭಿಸಿದ್ದು ಪತ್ರಿಕೆಗಳವರಿಗೆ ಎಂಥ ಉಪಕಾರವಾಯಿತೆಂದು ಇಂದು ಊಹಿಸುವುದು ಕಷ್ಟ. ಹಳೆಯ ಮಾಸಪತ್ರಿಕೆಗಳ ರಕ್ಷಾಪುಟವನ್ನು ನೋಡಿದವರು ಬಲ್ಲಿರಿ, ಅಲ್ಲಿ ಸಾಮಾನ್ಯವಾಗಿ ಕಾಣುವುದು ಚಂದಾಬಾಕಿಯ ಬಿನ್ನಹ. ‘ದಯವಿಟ್ಟು ಬಾಕಿ ಕಳುಹಿಸಿ, ಇಲ್ಲವೆ ವಿ.ಪಿ. ಬಂದಾಗ ಹಿಂದಿರುಗಿಸದೆ ಬಿಡಿಸಿಕೊಳ್ಳಿ’ ಎಂಬ ಧಾಟಿ. ಪತ್ರಿಕೆಯನ್ನು ಓದುವವರಿದ್ದರು, ಮೆಚ್ಚುವವರಿದ್ದರು. ಮೆಚ್ಚಿದವರಿಂದ ಎರಡು ರೂಪಾಯಿ ಊರು ದಾಟಿ ಬರುವುದೇ ದುಸ್ತರವಾಗಿತ್ತು. ಒಳ್ಳೆಯ ಪತ್ರಿಕೆಗಳೆಷ್ಟೋ ಹೀಗೆ ಕಣ್ಣುಮುಚ್ಚಿದುವು.

ಈಗ ರೇಡಿಯೋದ ಮಾತಿಗೆ ಬರೋಣ. ನಿಮ್ಮ ಮನೆಯ ಪೆಟ್ಟಿಗೆಯೂ ಒಂದು ಕಾಲದಲ್ಲಿ ಚಂದಾ ತೆತ್ತು ಮಾತಾಡಿದ್ದೇ. ಬ್ರಿಟನ್ನಿನಲ್ಲಿ ೧೯೨೨ರಲ್ಲಿ ಪ್ರಸಾರ ಆರಂಭವಾದಾಗ ವರ್ಷಕ್ಕೆ ಹತ್ತು ಶಿಲಿಂಗಿನ ಪರವಾನಗಿಯನ್ನು ಗೊತ್ತುಮಾಡಿದರು. ಆ ಮಾದರಿಯನ್ನೇ ಹಿಡಿದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ೧೯೨೭ರ ಜುಲೈ ೨೩ರಂದು ಮುಂಬಯಿಯಲ್ಲಿ, ಆಗಸ್ಟ್ ೨೬ರಂದು ಕಲ್ಕತ್ತೆಯಲ್ಲಿ ನಿಲಯಗಳನ್ನು ತೆರೆಯಿತು. ವರ್ಷದ ಪರವಾನಗಿ ಶುಲ್ಕ ಹತ್ತು ರೂಪಾಯಿ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಕಂಪನಿಗೆ. ಲೆಕ್ಕವನ್ನು ನೀವೇ ಹಾಕಿನೋಡಿ. ೧೯೨೯ರ ಕೊನೆಗೆ ದೇಶದಲ್ಲಿದ್ದ ಪರವಾನಗಿಗಳು ಎಂಟು ಸಾವಿರವೂ ತುಂಬಿರಲಿಲ್ಲ. ತುಂಬಿತ್ತೆಂದೇ ಇಟ್ಟುಕೊಂಡರೂ ವರ್ಷಕ್ಕೆ ೬೪,೦೦೦ ರೂಪಾಯಿ, ಎಂದರೆ ತಿಂಗಳಿಗೆ ಐದು ಸಾವಿರದ ಚಿಲ್ಲರೆ. ಮೊದಲ ದಿನಗಳಲ್ಲಿ ಕಂಪನಿಯ ತಿಂಗಳ ಖರ್ಚು ಸುಮಾರು ೩೩,೦೦೦! ಹೊರದೇಶದಿಂದ ಬರುವ ರೇಡಿಯೋ ಪೆಟ್ಟಿಗೆಗಳ ಮೇಲೆ ಬರುತ್ತಿದ್ದ ಪಾಲಾಗಲಿ, ಆಮೇಲೆ ಮಾಡಿದ ಮಿತವ್ಯಯವಾಗಲಿ ಈ ಕಂದಕವನ್ನು ತುಂಬಲಿಲ್ಲ. ಪರವಾನಗಿಯಿಲ್ಲದೆ ಕದ್ದು ಕೇಳುವವರೂ ಕಡಮೆಯಿರಲಿಲ್ಲ. ೧೯೩೦ರ ಮಾರ್ಚ್ ೧ರಂದು ಕಂಪನಿ ಮುಚ್ಚುವ ಸ್ಥಿತಿಗೆ ಬಂದಿತು. ಏಪ್ರಿಲ್ ೧ರಿಂದ ಸರ್ಕಾರವೇ ಪ್ರಸಾರವನ್ನು ಕೈಗೆತ್ತಿಕೊಂಡಿತು.

ಚಂದಾ ಪದ್ಧತಿಯೇ ಕೆಟ್ಟದ್ದೆಂದು ಇದರಿಂದ ಸಿದ್ಧವಾಗುವುದೆ? ಆಗದು. ೧೯೩೩ರ ವೈರ್‌ಲೆಸ್ ಶಾಸನ ಬಂದು ಪರವಾನಗಿಯಿಲ್ಲದ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದೇ ಅಪರಾಧವೆಂದು ಗೊತ್ತುಮಾಡಿದ ಮೇಲೆ, ಪೆಟ್ಟಿಗೆಗಳೂ ಹೆಚ್ಚಿದ ಮೇಲೆ, ಅದೇ ಪರವಾನಗಿ ಶುಲ್ಕ ದಶಕಗಟ್ಟಲೆ ವರಮಾನ ತಂದಿತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಪುಟ್ಟ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬಂದುದನ್ನು ಹಿರಿಯ ಓದುಗರು ಮರೆತಿರಲಾರರು. ಕಂಪನಿ ಸೋತದ್ದು ಮೊದಲ ಎರಡು ವರ್ಷವನ್ನು ದಾಟಿಸುವ ಬಂಡವಾಳವಿಲ್ಲದ್ದರಿಂದ. ಪ್ರಸಾರದ ಖರ್ಚಿನ ಸ್ವರೂಪವೇ ಅಂಥದು: ಕೇಳುವವರು ಒಬ್ಬರಿದ್ದರೂ ಅಷ್ಟೇ, ಲಕ್ಷವಿದ್ದರೂ ಅಷ್ಟೇ. ಅಂಥ ಉದ್ಯಮಕ್ಕೆ ಚಂದಾ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಚಂದಾದಾರರು ಲಕ್ಷವಾಗುವವರೆಗೆ ಉಸಿರು ಹಿಡಿದಿರುವ ಶಕ್ತಿ ಬೇಕು. ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಿಂದಲೇ ೩೦ ವಾಟಿನ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಚೆಲುವಾದ ಹೆಸರು ಆ ನಿಲಯದ್ದು. ಅದನ್ನು ಎತ್ತಿ ನಿಲ್ಲಿಸಿದ್ದು ಅವರ ಸ್ವಂತ ಹಣ, ಹಿತೈಷಿಗಳ ನೆರವು. ೧೯೪೨ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ ೧೯೬೭ರಿಂದ ವಿವಿಧಭಾರತಿಯಲ್ಲಿ ಜಾಹಿರಾತಿನ ವರಮಾನ ಬರತೊಡಗಿತು. ೧೯೮೦ರ ದಶಕದಲ್ಲಿ ಪರವಾನಗಿ ಶುಲ್ಕವೇ ರದ್ದಾಯಿತು. ಮನೆಮನೆಯ ಟ್ರಾನ್ಸಿಸ್ಟರಿಗೂ ಪುಸ್ತಕವಿಟ್ಟು ವಸೂಲು ಮಾಡುವುದು ಎಲ್ಲ ಕಾಲಕ್ಕೂ ಸಾಧ್ಯವಾಗುವ ಮಾತಲ್ಲ.

ಚಂದಾ ಎಂಬುದು ಏನೆಲ್ಲವನ್ನು ಸಾಧಿಸಬಲ್ಲುದೆಂಬುದಕ್ಕೆ ಕನ್ನಡದಲ್ಲಿ ಉಜ್ಜ್ವಲವಾದ ಉದಾಹರಣೆ ಬೇಕಾದರೆ ಧಾರವಾಡಕ್ಕೆ ಹೋಗಬೇಕು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಅಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದವರೂ ಇವರೇ. ಮಾಲೆಯ ಮೊದಲ ಪುಸ್ತಕ ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ ಕಾದಂಬರಿ. ಓದುಗರು ವರ್ಷದ ಚಂದಾವನ್ನು ಮುಂಗಡವಾಗಿ ಕೊಡುವುದು, ಮಾಲೆಯವರು ವರ್ಷದೊಳಗೆ ಪುಸ್ತಕಗಳನ್ನು ಮನೆಗೆ ಮುಟ್ಟಿಸುವುದು, ಇದು ಏರ್ಪಾಟು. ಯಾವ ಪುಸ್ತಕ, ಯಾರು ಬರೆದದ್ದು ಎಂಬುದನ್ನು ಆರಿಸುವ ಹೊಣೆ ಮಾಲೆಯದು.

ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಂಗಡಿಯಲ್ಲಿ ಪುಸ್ತಕ ಕೊಳ್ಳುವವನು ಲೇಖಕನ ಹೆಸರನ್ನು ನೋಡುತ್ತಾನೆ. ಹೆಸರಿಲ್ಲದ ಲೇಖಕನ ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಆದುದರಿಂದ ಬಿಡಿ ಮಾರಾಟವನ್ನೇ ನಂಬಿದ ಪ್ರಕಾಶಕನು ಹೊಸಬರನ್ನು ಮುಟ್ಟಲು ಹೆದರುತ್ತಾನೆ. ಚಂದಾದಾರನಾದರೋ ಕೊಳ್ಳುವುದು ಆರಿಸುವವರ ವಿವೇಕವನ್ನು. ಕಾಗದದ, ಅಚ್ಚಿನ ಖರ್ಚು ಮೊದಲೇ ಬಂದಿದೆಯಾದ ಮೇಲೆ ಪ್ರಕಾಶಕನಿಗೆ ಧೈರ್ಯ ಬರುತ್ತದೆ. ೧೯೬೧ರಲ್ಲಿ ಮಾಲೆ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಪ್ರಕಟಿಸಿದಾಗ ನಾಟಕಕಾರನಿಗೆ ಇಪ್ಪತ್ತಮೂರು ವರ್ಷ, ಅವರ ಮೊದಲ ಕೃತಿಯದು. ೧೯೬೪ರಲ್ಲಿ ‘ತುಘಲಕ್’ ಬಂತು. ೧೯೬೫ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಆ ಕಾದಂಬರಿ ಎಬ್ಬಿಸಿದ ಬಿರುಗಾಳಿಯನ್ನು ಬಲ್ಲವರು, ಅಂಥದನ್ನು ಅಚ್ಚುಮಾಡಲು ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನೂ ಬಲ್ಲರು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಕಣ್ಣು ಹಸ್ತಪ್ರತಿಗಳ ಮೇಲೆ ಆಡುತ್ತಿತ್ತು. ನವ್ಯಸಾಹಿತ್ಯದ ಈ ಹಿರಿಯ ಕೃತಿಗಳು ಹೊರಬಂದುದರಲ್ಲಿ, ಊರೂರುಗಳಲ್ಲಿ ಕುಳಿತು ಚಂದಾ ಕಳುಹಿಸಿದ ಶಾಲಾಮಾಸ್ತರರು, ಗುಮಾಸ್ತರು, ವಕೀಲರು ಇಂಥವರ ಪಾಲೂ ಉಂಟು. ತಾವು ಏನನ್ನು ಬೆಳೆಸುತ್ತಿದ್ದೇವೆಂಬುದು ಅವರಿಗೆ ಆಗ ಗೊತ್ತಿರಲಿಕ್ಕಿಲ್ಲ.

ಚಂದಾ ಎಂಬುದು ಸಾಲವೂ ಹೌದೆಂಬುದನ್ನು ಇದರೊಡನೆಯೇ ಹೇಳಬೇಕು. ವರ್ಷದ ಹಣ ಜನವರಿಯಲ್ಲಿಯೇ ಬಂದು ಪೆಟ್ಟಿಗೆ ಸೇರಿದಾಗ ಹೊಸ ಉದ್ಯಮಿಗೆ ತಾನು ಧನಿಕನಾದೆನೆಂಬ ಭ್ರಮೆ ಹುಟ್ಟುತ್ತದೆ. ಅದು ಅವನ ಹಣವಲ್ಲ; ಡಿಸೆಂಬರಿನವರೆಗೆ ಕೊಡಬೇಕಾದ ಪುಸ್ತಕಗಳ ಋಣ. ಆ ಋಣವನ್ನು ತೀರಿಸುವ ಮೊದಲೇ ಖರ್ಚುಮಾಡಿ ಕೂತವರು ಎರಡನೆಯ ವರ್ಷ ಮುಖ ತೋರಿಸಲಾರದೆ ಹೋಗುತ್ತಾರೆ.

ಇಷ್ಟು ಹಿನ್ನೆಲೆಯೊಡನೆ ಈಗಿನ ಜಾಲತಾಣಗಳ ಕಡೆ ತಿರುಗೋಣ. ಅಮೆರಿಕದ ನೆಟ್‌ಫ್ಲಿಕ್ಸ್ ೧೯೯೮ರಲ್ಲಿ ಸಿನಿಮಾ ತಟ್ಟೆಗಳನ್ನು ಅಂಚೆಯ ಮೂಲಕ ಒಂದೊಂದಾಗಿ ಬಾಡಿಗೆಗೆ ಕೊಡುತ್ತಿತ್ತು. ೧೯೯೯ರಲ್ಲಿ ತಿಂಗಳ ಚಂದಾಕ್ಕೆ ಹೊರಳಿತು. ಆಮೇಲಿನ ಅದರ ಬೆಳವಣಿಗೆ ಎಲ್ಲರಿಗೂ ತಿಳಿದದ್ದೇ. ಚಿತ್ರಕಾರರಿಗೂ ಅಚ್ಚುಕೂಟಗಳಿಗೂ ಬೇಕಾದ ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟು ಮಾರುತ್ತಿದ್ದ ಅಡೋಬಿ ಸಂಸ್ಥೆ ೨೦೧೩ರಲ್ಲಿ, ಇನ್ನು ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರವೆಂದು ಸಾರಿತು. ನಮ್ಮ ಬೆಂಗಳೂರಿನಲ್ಲಿ ೨೦೧೬ರಲ್ಲಿ ಹುಟ್ಟಿದ ‘ದಿ ಕೆನ್’ ಎಂಬ ಜಾಲಪತ್ರಿಕೆ ಜಾಹಿರಾತನ್ನು ನೆಚ್ಚದೆ ಓದುಗರ ಚಂದಾವನ್ನೇ ನೆಚ್ಚಿ ನಿಂತಿತು. ಅದೇ ಬೆಂಗಳೂರಿನ ಫ್ಲಿಪ್‌ಕಾರ್ಟ್ ೨೦೧೨ರಲ್ಲಿ ‘ಫ್ಲೈಟ್’ ಎಂಬ ಹೆಸರಿನಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಮಾರಲು ಹೊರಟು, ಮರುವರ್ಷವೇ ಅಂಗಡಿ ಮುಚ್ಚಿತು. ಕದ್ದ ಹಾಡುಗಳು ಪುಕ್ಕಟೆ ಸಿಗುತ್ತಿದ್ದುವು. ಕೆಲವೇ ರೂಪಾಯಿಗಳನ್ನು ಸಲೀಸಾಗಿ ಸಲ್ಲಿಸುವ ದಾರಿ ಆಗಿನ್ನೂ ಇರಲಿಲ್ಲ. ಹಳೆಯ ಪತ್ರಿಕೆಗಳ ಚಂದಾಬಾಕಿಯ ಕಥೆಯೇ ಮತ್ತೆ ಹೊಸ ವೇಷದಲ್ಲಿ! ಆ ದಾರಿ ಈಗ ತೆರೆದಿದೆ. ೨೦೨೦ರ ಜುಲೈಯಲ್ಲಿ ಬಂದ ಯು.ಪಿ.ಐ. ಆಟೋಪೇ ಏರ್ಪಾಟಿನಿಂದ, ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ಹಣ ತಾನಾಗಿಯೇ ಸಂದಾಯವಾಗುತ್ತದೆ.

ಹಾಗಾದರೆ ನಮ್ಮೂರಿನ ಉದ್ಯಮಿ ಏನು ಮಾಡತಕ್ಕುದು? ಹೊಸದುರ್ಗದ ಸೀಮೆ ತೆಂಗಿಗೂ ದಾಳಿಂಬೆಗೂ ಹೆಸರಾದದ್ದು; ಚಳ್ಳಕೆರೆ ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ ಹೆಸರಾದದ್ದು. ಇವನ್ನು ಜಾಲತಾಣದಲ್ಲಿಟ್ಟು ಮಾರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಂಬಳಿಯನ್ನು ಮನೆಗೆ ಹತ್ತು ವರ್ಷಕ್ಕೊಮ್ಮೆ ಕೊಳ್ಳುತ್ತಾರೆ. ಅದಕ್ಕೆ ತಿಂಗಳ ಚಂದಾ ಕೇಳುವುದು ನಗೆಪಾಟಲು. ದಾಳಿಂಬೆ ಫಸಲನ್ನು ನೆಚ್ಚಿದ್ದು. ವರ್ಷವಿಡೀ ಕೊಡುತ್ತೇನೆಂದು ಮಾತುಕೊಟ್ಟು, ಹಣ್ಣಿಲ್ಲದ ತಿಂಗಳಲ್ಲಿ ಎಲ್ಲಿಂದಲೋ ದುಬಾರಿ ಬೆಲೆಗೆ ತಂದು ಕೊಡಬೇಕಾದರೆ ಗಂಟು ಕರಗುತ್ತದೆ. ಎಣ್ಣೆ ಹಾಗಲ್ಲ. ಒಗ್ಗರಣೆಯಿಲ್ಲದ ಮನೆಯಿಲ್ಲ, ತಿಂಗಳಿಗೆ ಇಷ್ಟು ಬೇಕೆಂಬುದು ಮನೆಯೊಡತಿಗೆ ಗೊತ್ತು. ಇಲ್ಲಿ ವರ್ತನೆ ಒಪ್ಪುತ್ತದೆ. ಇನ್ನು ಬೇಸಾಯದ ಸಲಹೆ, ಮಕ್ಕಳ ಪಾಠ, ಲೆಕ್ಕಪತ್ರದ ತಂತ್ರಾಂಶ ಇಂಥವುಗಳಲ್ಲಿ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಲು ಹೆಚ್ಚಿನ ಖರ್ಚಿಲ್ಲ, ರೇಡಿಯೋದಂತೆ. ಆದರೆ ಕೊಟ್ಟದ್ದು ಕೊಟ್ಟಲ್ಲಿಯೇ ನಿಲ್ಲಬಾರದು. ಮಳೆ, ರೋಗ, ಧಾರಣೆ ಇವು ವಾರವಾರವೂ ಬದಲಾಗುವುದರಿಂದ ಬೇಸಾಯದ ಸಲಹೆಗೆ ಚಂದಾ ನ್ಯಾಯ. ಒಂದು ಸಲ ಓದಿ ಮುಗಿಸುವ ಪಾಠಕ್ಕೆ ಒಂದು ಸಲದ ಬೆಲೆಯೇ ನ್ಯಾಯ.

ಮುಂದಿನದು ಲೆಕ್ಕ. ಎಷ್ಟು ಮಂದಿ ಸೇರಿದರೆಂದು ಎಣಿಸುವವರು ಬಹಳ. ಎಷ್ಟು ಮಂದಿ ಬಿಟ್ಟುಹೋದರೆಂದು ಎಣಿಸುವವರು ವಿರಳ. ನೂರು ಮಂದಿ ಚಂದಾದಾರರಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ ಬಿಟ್ಟರೆ ವರ್ಷದ ಕೊನೆಗೆ ಸುಮಾರು ೭೮ ಮಂದಿ ಉಳಿಯುತ್ತಾರೆ. ಐದರಂತೆ ಬಿಟ್ಟರೆ ೫೪. ಹತ್ತರಂತೆ ಬಿಟ್ಟರೆ ೨೮. ನಮ್ಮ ತರುಣನಿಗೆ ಒಬ್ಬ ಹೊಸ ಗಿರಾಕಿಯನ್ನು ಹಿಡಿದುತರಲು ಜಾಹಿರಾತು, ಮೊದಲ ಸಲದ ರಿಯಾಯಿತಿ ಇತ್ಯಾದಿ ಸೇರಿ ೬೦೦ ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳಿ. ಎಣ್ಣೆಯ ಅಸಲು, ಸಾಗಣೆ ಕಳೆದು ತಿಂಗಳಿಗೆ ೬೦ ರೂಪಾಯಿ ಉಳಿಯುತ್ತದೆನ್ನಿ. ಹಾಕಿದ ಹಣ ಹಿಂದಿರುಗಲು ಹತ್ತು ತಿಂಗಳು. ತಿಂಗಳಿಗೆ ನೂರಕ್ಕೆ ಐದು ಮಂದಿ ಬಿಡುವ ವ್ಯಾಪಾರದಲ್ಲಿ ಗಿರಾಕಿ ಸರಾಸರಿ ಇಪ್ಪತ್ತು ತಿಂಗಳು ನಿಲ್ಲುತ್ತಾನೆ, ತರುಣ ಗೆದ್ದ. ಹತ್ತು ಮಂದಿ ಬಿಡುವಲ್ಲಿ ಸರಾಸರಿ ನಿಲ್ಲುವುದು ಹತ್ತೇ ತಿಂಗಳು. ತರುಣ ದುಡಿದದ್ದು ಗಾಳಿಗೆ. ಸರಕೂ ಅದೇ, ಬೆಲೆಯೂ ಅದೇ. ಜನ ಎಷ್ಟು ದಿನ ನಿಂತರೆಂಬುದೊಂದೇ ವ್ಯತ್ಯಾಸ. ಹಾಗಿರುವಾಗ ಮೊದಲು ಆರು ತಿಂಗಳು ಬಿಡಿಯಾಗಿ ಮಾರಿ, ಯಾರು ಕರೆಯದೆಯೇ ಮತ್ತೆ ಬರುತ್ತಾರೆಂದು ನೋಡಿಕೊಂಡು, ಅಂಥವರಿಗೆ ಮಾತ್ರ ‘ವರ್ತನೆ ಹಾಕಲೆ?’ ಎಂದು ಕೇಳುವುದು ಲೇಸು. ಹಾಲಿನವಳು ಮಾಡಿದ್ದೂ ಅದನ್ನೇ.

ಕೊನೆಯದಾಗಿ, ಬಾಗಿಲಿನ ವಿಚಾರ. ತಾನಾಗಿ ಹಣ ಕಡಿತವಾಗುವ ಅನುಕೂಲವೇ ಒಂದು ಆಸೆಯನ್ನೂ ಹುಟ್ಟಿಸುತ್ತದೆ: ಸೇರುವ ಬಾಗಿಲನ್ನು ಅಗಲವಾಗಿಟ್ಟು, ಬಿಡುವ ಬಾಗಿಲನ್ನು ಹುಡುಕಿದರೂ ಸಿಗದಂತೆ ಮಾಡುವ ಆಸೆ. ಮರೆತವರ ಹಣದಿಂದ ಹೊಟ್ಟೆ ಹೊರೆಯುವ ಜಾಲತಾಣಗಳು ಇಲ್ಲದಿಲ್ಲ. ಇದನ್ನು ಕಂಡೇ ರಿಸರ್ವ್ ಬ್ಯಾಂಕು ೨೦೨೧ರ ಅಕ್ಟೋಬರ್ ೧ರಿಂದ, ಕಾರ್ಡಿನಿಂದ ಚಂದಾ ಕಡಿತವಾಗುವ ೨೪ ಗಂಟೆ ಮೊದಲೇ ಗಿರಾಕಿಗೆ ತಿಳಿಸಬೇಕೆಂದು ಕಟ್ಟುಮಾಡಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ೨೦೨೩ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೋಸದ ಹದಿಮೂರು ಬಗೆಗಳನ್ನು ಹೆಸರಿಸಿದೆ. ಚಂದಾದ ಬಲೆಯೂ ಅವುಗಳಲ್ಲೊಂದು. ಆಯದ ಪದ್ಧತಿಯಲ್ಲಿ ಆಯಗಾರನಿಗೆ ಬಾಗಿಲಿರಲಿಲ್ಲ. ಈ ಬಲೆಯಲ್ಲಿ ಗಿರಾಕಿಗೆ ಬಾಗಿಲಿಲ್ಲ. ಎರಡೂ ಅನ್ಯಾಯವೇ.

ಆದುದರಿಂದ ಓದುಗರೆ, ತಿಂಗಳ ಮೊದಲ ವಾರದಲ್ಲಿ ಒಮ್ಮೆ ನಿಮ್ಮ ಮನೆಯ ಚಂದಾಗಳ ಪಟ್ಟಿಯನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ಯಾವುದನ್ನು ಕಳೆದ ತಿಂಗಳು ಮುಟ್ಟಲಿಲ್ಲವೋ ಅದನ್ನು ನಿಲ್ಲಿಸಿಬಿಡಿ. ಯಾವುದು ಇಲ್ಲದಿದ್ದರೆ ಮನೆ ಬರಿದೆನಿಸುವುದೋ ಅದಕ್ಕೆ ಸಂತೋಷದಿಂದ ಕೊಡಿ. ನಿಮ್ಮ ಹಣ ಇನ್ನೊಂದು ‘ಯಯಾತಿ’ಯನ್ನು ಬೆಳಕಿಗೆ ತಂದರೂ ತಂದೀತು. ನಿಮ್ಮ ಮನೆಯಲ್ಲಿಯೇ ಉದ್ಯಮಿಯೊಬ್ಬರಿದ್ದರೆ ಅವರನ್ನು ಕೂಡಿಸಿಕೊಂಡು ಇಷ್ಟನ್ನು ಕೇಳಿ: ಈ ಸರಕು ಜನಕ್ಕೆ ಮತ್ತೆ ಮತ್ತೆ ಬೇಕೆ? ಮತ್ತೆ ಮತ್ತೆ ಕೊಡಲು ನಿಮ್ಮಿಂದ ಸಾಧ್ಯವೆ? ಸಾಕಷ್ಟು ಮಂದಿ ಸೇರುವವರೆಗೆ ತಡೆದುಕೊಳ್ಳುವ ಗಂಟು ಉಂಟೆ? ಬೇಡವೆಂದವರು ಒಂದೇ ಮಾತಿಗೆ ಬಿಟ್ಟುಹೋಗುವಂತಿದೆಯೆ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಚಂದಾ ಎತ್ತಲಿ. ಒಂದಕ್ಕೆ ಇಲ್ಲವೆಂದು ಬಂದರೂ ಸಂತೆಯ ವ್ಯಾಪಾರವೇ ಮೇಲು. ಅದರಲ್ಲಿ ಅಗೌರವವೇನೂ ಇಲ್ಲ. ನಮ್ಮ ಹಿರಿಯರು ಹಾಲಿಗೆ ವರ್ತನೆ ಹಾಕಿದರು, ಕಂಬಳಿಯನ್ನು ಸಂತೆಯಲ್ಲಿ ಕೊಂಡರು.